ವೊವ್ನುಷ್ಕಿ ಗೋಪುರದ ಬಾಗಿಲು ಅಷ್ಟು ಮೇಲೇಕೆ?

ರಷ್ಯಾದ ಕಾಕಸಸ್ ಬೆಟ್ಟಸೀಮೆಯ ಇಂಗುಷೆತಿಯಾದಲ್ಲಿರುವ ವೊವ್ನುಷ್ಕಿ ಗೋಪುರದ ಚಿತ್ರ ನೋಡಿ, "ನೆಲಮಟ್ಟದಲ್ಲಿ ಬಾಗಿಲೇ ಇಲ್ಲವಲ್ಲ, ಇದರೊಳಗೆ ಸಂಸಾರ ಹೇಗೆ ನಡೆಸುತ್ತಿದ್ದರು?" ಎಂದು ಕೇಳಿದ್ದೀರಿ. ಅದು ಮನೆಯಲ್ಲ, ಆಪತ್ತು ಬಂದಾಗ ಹೊಕ್ಕು ಕಾದಾಡುವ ಗೋಪುರ. ಅಲ್ಲಿನ ಜನರಾದ ಇಂಗುಷರು ಅದನ್ನು 'ವೊವ್' ಎನ್ನುತ್ತಾರೆ. ವಾಸಕ್ಕೆ ಕಟ್ಟಿದ್ದು 'ಗಾಲ'.

ಅಸ್ಸಾ ನದಿಯ ಕಮರಿಯಲ್ಲಿರುವ ತರ್ಗಿಮ್, ಎಗಿಕಾಲ್ ಊರುಗಳಲ್ಲಿ ಎರಡೂ ಬಗೆಯವು ಸಿಗುತ್ತವೆ. ಗಾಲ ಅಗಲ, ಗಿಡ್ಡ. ಎರಡು ಮೂರು ಅಂತಸ್ತು. ಕೆಳಗೆ ದನ, ಕುರಿ. ಮೇಲೆ ಒಲೆಯ ಸುತ್ತ ಮನೆಮಂದಿ. ನಟ್ಟನಡುವೆ ನಿಂತ ಕಲ್ಲಿನ ಕಂಬವೇ ಅಟ್ಟದ ತೊಲೆಗಳನ್ನು ಹೊರುತ್ತದೆ. ಪಾಳುಬಿದ್ದ ಮನೆಗಳಲ್ಲಿ ಸೂರು ಕುಸಿದರೂ ಕಂಬ ಉಳಿದಿರುವುದುಂಟು, ಗುರುತಿಸಲು ಅದೇ ಸುಲಭದ ದಾರಿ.

ವೊವ್ ಸಪೂರ. 25 ಮೀಟರ್ ದಾಟಿದವೂ ಇವೆ, ಮೇಲೇರಿದಂತೆ ಗೋಡೆಗಳು ಒಳಕ್ಕೆ ವಾಲುತ್ತವೆ. ಬಾಗಿಲು ಎರಡನೇ ಅಂತಸ್ತಿನಲ್ಲಿ. ಏಣಿ ಹತ್ತಿ ಒಳಹೊಕ್ಕು ಅದನ್ನು ಮೇಲಕ್ಕೆಳೆದುಕೊಂಡರೆ ಆಯಿತು, ದಿಮ್ಮಿ ಹಿಡಿದು ಬಾಗಿಲು ಗುದ್ದಲು ಶತ್ರುವಿಗೆ ಕಾಲೂರುವ ಜಾಗವೇ ಇರದು. ತುದಿಯಲ್ಲಿ ಗೋಡೆಯಿಂದ ಹೊರಚಾಚಿದ ಕಲ್ಲಿನ ಗೂಡುಗಳಿವೆ. ಬುಡಕ್ಕೆ ಬಂದವರ ತಲೆಯ ಮೇಲೆ ಅಲ್ಲಿಂದಲೇ ಕಲ್ಲು ಸುರಿಸಬಹುದಿತ್ತು. ಇಷ್ಟು ಸರಳ, ಇಷ್ಟು ಚೊಕ್ಕ ರಕ್ಷಣೆ ನನಗಂತೂ ಬೆರಗು ಹುಟ್ಟಿಸುತ್ತದೆ.

ಊರುಗಳು ಇಂದು ಬಿಕೋ ಎನ್ನುವುದು ಮಾತ್ರ ಹಳೆಯ ಯುದ್ಧಗಳಿಂದಲ್ಲ. 1944ರ ಫೆಬ್ರವರಿ 23ರಂದು ಸೋವಿಯತ್ ಸರ್ಕಾರ ಇಂಗುಷರನ್ನೂ ಚೆಚೆನ್ನರನ್ನೂ ರೈಲುಗಳಲ್ಲಿ ತುಂಬಿ ಮಧ್ಯ ಏಷ್ಯಾಕ್ಕೆ ಗಡೀಪಾರು ಮಾಡತೊಡಗಿತು. 1957ರ ಹೊತ್ತಿಗೆ ಮರಳಲು ಅವಕಾಶ ಸಿಕ್ಕರೂ ಬಹುತೇಕರು ಬಯಲಿನಲ್ಲೇ ನೆಲೆಸಿದರು.