ಇಂಟೆಲ್ ಗ್ರಾಫಿಕ್ಸ್ ಡಿಸೇಬಲ್ ಮಾಡಬೇಡಿ, ವಿಂಡೋಸ್ ಫಾರ್ಮ್ಯಾಟ್ ಮಾಡಿಸಲೂ ಬೇಡಿ

ಭಾರದ ಕೆಲಸಕ್ಕೆಂದೇ ಪ್ರತ್ಯೇಕ ಎನ್‌ವಿಡಿಯಾ ಕಾರ್ಡ್ ಇದ್ದರೂ ನಿಮ್ಮ ಗೇಮಿಂಗ್ ಲ್ಯಾಪ್‌ಟಾಪಿನಲ್ಲಿ ಗೇಮ್ ಪ್ರೊಸೆಸರಿನೊಳಗೇ ಇರುವ ಸಾಧಾರಣ ಇಂಟೆಲ್ ಗ್ರಾಫಿಕ್ಸ್ ಮೇಲೆಯೇ ಓಡುತ್ತಿದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಇಂಟೆಲ್ಲನ್ನು ಡಿಸೇಬಲ್ ಮಾಡಲೇ, ಇಲ್ಲವೇ ವಿಂಡೋಸ್ ಫಾರ್ಮ್ಯಾಟ್ ಮಾಡಿಸಲೇ ಎಂದು ರಾಣೆಬೆನ್ನೂರಿನಿಂದ ಕೇಳಿದ್ದೀರಿ. ಎರಡೂ ಬೇಡ. ಮೊದಲನೆಯದನ್ನು ನಾನು ಮಾಡಿದ್ದೇನೆ, ಮತ್ತು ಆ ಒಂದು ಕ್ಲಿಕ್ಕಿನ ಬೆನ್ನು ಹತ್ತಿ ಇನ್ನೂ ಸಾಕಷ್ಟು ಅವಧಿ ಬಾಕಿಯಿದ್ದ ವಾರಂಟಿಯನ್ನೇ ಕಳೆದುಕೊಂಡಿದ್ದೇನೆ.

ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದುವಾಗ ಕೊಂಡ ಲ್ಯಾಪ್‌ಟಾಪ್ ಅದು. ಹೆಸರಾಂತ ಗೇಮ್‌ಗಳೆಲ್ಲ ಅದರಲ್ಲಿ ಸರಾಗವಾಗಿ ಓಡುತ್ತಿದ್ದವು. ಸಣ್ಣ ತಂಡವೊಂದು ಅನ್‌ರಿಯಲ್ ಎಂಜಿನ್ ಎಂಬ ಗೇಮ್ ತಯಾರಿಕೆಯ ಸಾಫ್ಟ್‌ವೇರ್ ಬಳಸಿ ತಯಾರಿಸಿದ ಒಂದು ಗೇಮ್ ಮಾತ್ರ ತೆವಳುತ್ತಿತ್ತು. ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರೆ ಜಿಪಿಯು (ಗ್ರಾಫಿಕ್ಸ್ ಚಿಪ್) 0 ಎಂದು ತೋರಿಸುವ ಇಂಟೆಲ್ ತುಂಬಿ ತುಳುಕುತ್ತಿತ್ತು, ಜಿಪಿಯು 1 ಎಂದು ತೋರಿಸುವ ಎನ್‌ವಿಡಿಯಾ ಸೊನ್ನೆಯಲ್ಲಿ ಮಲಗಿತ್ತು. ಒಂದನ್ನು ಮುಚ್ಚಿದರೆ ಗೇಮ್ ಇನ್ನೊಂದಕ್ಕೆ ಹೋಗಲೇಬೇಕಲ್ಲ ಎಂಬುದು ನನ್ನ ಲೆಕ್ಕವಾಗಿತ್ತು. ನಿಮ್ಮ ಲೆಕ್ಕವೂ ಅದೇ ಇರಬೇಕು, ಆದ್ದರಿಂದ ಆ ಲೆಕ್ಕ ಎಲ್ಲಿ ತಪ್ಪುತ್ತದೆ ಎಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

ಡಿಸೇಬಲ್ ಒತ್ತಿದ ಕೂಡಲೇ ಪರದೆ ಒಮ್ಮೆ ಕಪ್ಪಾಗಿ ಮತ್ತೆ ಬಂತು. ಬ್ರೈಟ್‌ನೆಸ್ ಕೀಲಿಗಳು ಕೆಲಸ ಬಿಟ್ಟವು, ವಿಂಡೋ ಹಿಡಿದು ಎಳೆದರೆ ತಡವರಿಸುತ್ತ ಬರುತ್ತಿತ್ತು, ಪರದೆಯು ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್‌ಗೆ ಜೋಡಣೆಯಾಗಿದೆ ಎಂದು ಅಡ್ವಾನ್ಸ್ಡ್ ಡಿಸ್‌ಪ್ಲೇ ಪುಟ ಹೇಳುತ್ತಿತ್ತು. ಮೊದಲು ಚೆನ್ನಾಗಿ ಓಡುತ್ತಿದ್ದ ಗೇಮ್‌ಗಳೂ ಈಗ ತೆರೆಯಲಿಲ್ಲ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್ ತೆರೆಯಹೋದರೆ, ಡಿಸ್‌ಪ್ಲೇ ಸೆಟ್ಟಿಂಗ್ಸ್ ಲಭ್ಯವಿಲ್ಲ, ನೀವು ಎನ್‌ವಿಡಿಯಾ ಜಿಪಿಯುಗೆ ಜೋಡಿಸಿದ ಪರದೆಯನ್ನು ಬಳಸುತ್ತಿಲ್ಲ ಎಂಬ ಅರ್ಥದ ಪೆಟ್ಟಿಗೆಯೊಂದು ಎದುರಿಗೆ ಬಂತು. ಅದನ್ನು ಓದಿದ ನಾನು ಕಾರ್ಡ್ ಸತ್ತಿದೆ ಎಂದು ತೀರ್ಮಾನಿಸಿದೆ. ಆ ಪೆಟ್ಟಿಗೆ ಹೇಳಿದ್ದು ಪರದೆಯ ವಿಷಯವನ್ನು. ಕಾರ್ಡಿನ ಆರೋಗ್ಯದ ಬಗ್ಗೆ ಅದರಲ್ಲಿ ಒಂದಕ್ಷರವೂ ಇರಲಿಲ್ಲ. ಅಷ್ಟೇ ಅಲ್ಲ, ಡಿವೈಸ್ ಮ್ಯಾನೇಜರ್‌ನಲ್ಲಿ ಎನ್‌ವಿಡಿಯಾ ಹೆಸರಿನ ಮೇಲೆ ಎರಡು ಸಲ ಒತ್ತಿದರೆ ಈ ಸಾಧನ ಸರಿಯಾಗಿ ಕೆಲಸ ಮಾಡುತ್ತಿದೆ ಎಂದೇ ಬರುತ್ತಿತ್ತು. ಅದನ್ನೂ ನೋಡಿದ್ದೆ, ನಂಬಿರಲಿಲ್ಲ.

ಆಗಿದ್ದಿಷ್ಟು. 2010ರಲ್ಲಿ ಎನ್‌ವಿಡಿಯಾ ಆಪ್ಟಿಮಸ್ ಎಂಬ ವ್ಯವಸ್ಥೆಯನ್ನು ತಂದಿತು. ಅದಕ್ಕೂ ಮೊದಲು ಎರಡು ಗ್ರಾಫಿಕ್ಸ್ ಇರುವ ಲ್ಯಾಪ್‌ಟಾಪ್‌ಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಕೈಯಾರೆ ಬದಲಿಸಬೇಕಾಗುತ್ತಿತ್ತು. ಆಪ್ಟಿಮಸ್‌ನಲ್ಲಿ ಲ್ಯಾಪ್‌ಟಾಪಿನ ಸ್ವಂತ ಪರದೆಯ ತಂತಿ ಇಂಟೆಲ್‌ಗೆ ಮಾತ್ರ ಹೋಗುತ್ತದೆ. ಭಾರದ ಕೆಲಸ ಬಂದಾಗ ಎನ್‌ವಿಡಿಯಾ ಎಚ್ಚೆತ್ತು ಚಿತ್ರವನ್ನು ರಚಿಸಿ, ಅದನ್ನು ಇಂಟೆಲ್ಲಿನ ಮೆಮೊರಿಗೆ ನಕಲು ಮಾಡುತ್ತದೆ; ಪರದೆಗೆ ಕಳುಹಿಸುವುದು ಇಂಟೆಲ್ಲೇ. ನಮ್ಮ ಕಡೆಯ ಖಾನಾವಳಿಯಲ್ಲಿ ರೊಟ್ಟಿ ಬಡಿಯುವವರು ಒಳಗಿರುತ್ತಾರೆ, ತಾಟಿಗೆ ಬಡಿಸುವವರು ಹೊರಗಿರುತ್ತಾರೆ. ಬಡಿಸುವವನನ್ನು ಮನೆಗೆ ಕಳಿಸಿದರೆ ರೊಟ್ಟಿ ಒಲೆಯ ಪಕ್ಕದಲ್ಲೇ ಉಳಿಯುತ್ತದೆ. ನಾನು ಮಾಡಿದ್ದು ಅದನ್ನೇ. ಇದೇ ಕಾರಣಕ್ಕೆ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಇಂಟೆಲ್ ಹೆಸರು ಕಾಣುವುದಾಗಲಿ, ಗೇಮ್ ಎನ್‌ವಿಡಿಯಾ ಮೇಲೆ ಓಡುವಾಗಲೂ ಇಂಟೆಲ್ಲಿನ ಗ್ರಾಫ್ ಸ್ವಲ್ಪ ಮೇಲೇಳುವುದಾಗಲಿ ದೋಷದ ಲಕ್ಷಣವಲ್ಲ.

ಇಷ್ಟಕ್ಕೇ ನಿಂತಿದ್ದರೆ ಇಂಟೆಲ್ಲನ್ನು ಮತ್ತೆ ಎನೇಬಲ್ ಮಾಡಿ ಮರೆತುಬಿಡಬಹುದಿತ್ತು. ನಾನು ಅದನ್ನು ಡಿಸೇಬಲ್ ಆದ ಸ್ಥಿತಿಯಲ್ಲೇ ಹುಬ್ಬಳ್ಳಿಯ ಒಂದು ರಿಪೇರಿ ಅಂಗಡಿಗೆ ಒಯ್ದೆ. ಒಯ್ದು, ಗೇಮ್ ನಿಧಾನವಾಗಿದೆ ಎಂದು ಹೇಳುವ ಬದಲು ಗ್ರಾಫಿಕ್ಸ್ ಕಾರ್ಡ್ ಹೋಗಿದೆ ಎಂದೆ. ದುಬಾರಿಯಾದದ್ದು ಈ ಮಾತು. ಲಕ್ಷಣವನ್ನು ಹೇಳಿದ್ದರೆ ಆತ ಹುಡುಕುತ್ತಿದ್ದನೇನೋ. ನಾನು ತೀರ್ಪನ್ನೇ ಕೈಗಿಟ್ಟೆ, ಆತ ಕಂಟ್ರೋಲ್ ಪ್ಯಾನೆಲ್ ತೆರೆದು ಅದೇ ಪೆಟ್ಟಿಗೆಯನ್ನು ನೋಡಿ ತೀರ್ಪಿಗೆ ಸಹಿ ಹಾಕಿದ. “ಚಿಪ್ ಹೋಗೇತ್ರಿ, ರೀಬಾಲಿಂಗ್ ಮಾಡಿ ನೋಡೂಣು, ಆಗಲಿಲ್ಲಂದ್ರ ಬೋರ್ಡ್ ಹಾಕಬೇಕಾಗತೈತಿ” ಎಂದ. ರೀಬಾಲಿಂಗ್ ಎಂದರೆ ಚಿಪ್ಪನ್ನು ಬಿಸಿ ಗಾಳಿಯಿಂದ ಬೋರ್ಡಿನಿಂದ ಕಿತ್ತು, ಅದರ ತಳದ ಸಣ್ಣ ಬೆಸುಗೆ ಗುಂಡುಗಳನ್ನೆಲ್ಲ ಹೊಸದಾಗಿ ಕೂರಿಸಿ ಮತ್ತೆ ಅಂಟಿಸುವುದು. ಅಂಗಡಿಗಳಿಗೆ ಈ ರೂಢಿ ಬಂದದ್ದಕ್ಕೂ ಒಂದು ಹಿನ್ನೆಲೆಯಿದೆ ಎಂದು ನನಗನ್ನಿಸುತ್ತದೆ. 2008ರಲ್ಲಿ ಎನ್‌ವಿಡಿಯಾ ತನ್ನ ಕೆಲವು ಲ್ಯಾಪ್‌ಟಾಪ್ ಚಿಪ್‌ಗಳ ಪ್ಯಾಕೇಜಿಂಗ್ ಸಾಮಗ್ರಿ ದುರ್ಬಲವಾಗಿದೆ ಎಂದು ಒಪ್ಪಿಕೊಂಡು, 15ರಿಂದ 20 ಕೋಟಿ ಡಾಲರ್ ವೆಚ್ಚವನ್ನು ಲೆಕ್ಕಕ್ಕೆ ತೆಗೆದುಕೊಂಡಿತ್ತು. ಆ ಕಾಲದ ಲ್ಯಾಪ್‌ಟಾಪ್‌ಗಳಲ್ಲಿ ಗ್ರಾಫಿಕ್ಸ್ ತೊಂದರೆ ಎಂದರೆ ಚಿಪ್ ಹೋಗಿದೆ ಎಂದು ಊಹಿಸುವುದು ಅಷ್ಟೇನೂ ತಪ್ಪಾಗಿರಲಿಲ್ಲ. ಈಗಲೂ ಅದೇ ಊಹೆಯಿಂದ ಹೊರಡುವುದು ತಪ್ಪು.

ಬೋರ್ಡ್ ಹೊರತೆಗೆಯಲು ಸ್ಕ್ರೂ ಮೇಲಿನ ಸೀಲ್ ಹರಿಯಬೇಕಾಯಿತು. ರೀಬಾಲಿಂಗ್ ಆದ ಮೇಲೂ ಅದೇ ಪೆಟ್ಟಿಗೆ ಬಂತು. ಬರಲೇಬೇಕಿತ್ತು, ಇಂಟೆಲ್ ಇನ್ನೂ ಡಿಸೇಬಲ್ ಆಗಿಯೇ ಇತ್ತಲ್ಲ. ಬೋರ್ಡ್ ಬದಲಿಗೆ ಹೇಳಿದ ಬೆಲೆ ಕೇಳಿ ಲ್ಯಾಪ್‌ಟಾಪನ್ನು ಹಾಗೆಯೇ ಗದಗಕ್ಕೆ ತಂದೆ. ಮುಂದೆ ಫ್ಯಾನ್ ಕೆಟ್ಟಾಗ, ಸೀಲ್ ಹರಿದಿದೆ ಎಂಬ ಒಂದೇ ಮಾತಿನಲ್ಲಿ ಸರ್ವಿಸ್ ಸೆಂಟರ್‌ನವರು ನನ್ನನ್ನು ಸಾಗಹಾಕಿದರು.

ಬೆಟಗೇರಿಯಲ್ಲಿ ನಮ್ಮ ಕಾಕಾ ಮದುವೆ ವಿಡಿಯೊ ಎಡಿಟಿಂಗ್ ಮಾಡುತ್ತಾರೆ. ಗೇಮ್ ಎಂದರೆ ಅವರಿಗೆ ಅಷ್ಟಕ್ಕಷ್ಟೇ. ಆದರೆ ಗ್ರಾಫಿಕ್ಸ್ ಕಾರ್ಡ್ ಇರುವ ಲ್ಯಾಪ್‌ಟಾಪಿಗೆ ದೊಡ್ಡ ಮಾನಿಟರ್ ಹಚ್ಚಿ ಕೆಲಸ ಮಾಡುವುದು ಅವರಿಗೆ ದಿನನಿತ್ಯದ್ದು. ನನ್ನ ಲ್ಯಾಪ್‌ಟಾಪಿನ ಎಚ್‌ಡಿಎಂಐ ಕಿಂಡಿಗೆ ತಮ್ಮ ಮಾನಿಟರಿನ ಕೇಬಲ್ ಚುಚ್ಚಿದರು. ಚಿತ್ರ ಬಂತು. ಅದೇ ಮಾನಿಟರಿನಲ್ಲಿ ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್ ಕೂಡ ತಕರಾರಿಲ್ಲದೆ ತೆರೆಯಿತು. “ತಮ್ಮಾ, ಸತ್ತ ಚಿಪ್ ಚಿತ್ರ ಹೆಂಗ ತೋರಸ್ತೈತಿ?” ಎಂದು ಕೇಳಿದರು. ಬಹಳಷ್ಟು ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ಎಚ್‌ಡಿಎಂಐ ಕಿಂಡಿಯ ತಂತಿ ನೇರವಾಗಿ ಎನ್‌ವಿಡಿಯಾಕ್ಕೆ ಹೋಗಿರುತ್ತದೆ. ಮಾನಿಟರ್ ಅಥವಾ ಟಿವಿ ಜೋಡಿಸಿದ ಮೇಲೆ ಕಂಟ್ರೋಲ್ ಪ್ಯಾನೆಲ್‌ನ ಫಿಸ್‌ಎಕ್ಸ್ ಪುಟವನ್ನು ತೆರೆದರೆ ಯಾವ ಪರದೆ ಯಾವ ಚಿಪ್ಪಿಗೆ ಸೇರಿದೆ ಎಂಬ ನಕ್ಷೆಯೇ ಅಲ್ಲಿರುತ್ತದೆ. ನೀವು ಬೇರೇನು ಮಾಡುವ ಮೊದಲು ಮನೆಯ ಟಿವಿಗೆ ಜೋಡಿಸಿ ಈ ಪುಟವನ್ನು ನೋಡಿ. ಟಿವಿ ಎನ್‌ವಿಡಿಯಾದ ಕೆಳಗೆ ಕಂಡು ಚಿತ್ರವೂ ಬಂದರೆ, ಚಿಪ್ ಸತ್ತಿದೆ ಎನ್ನುವವರ ಮಾತನ್ನು ಕೇಳಬೇಕಾಗಿಲ್ಲ.

ಇಂಟೆಲ್ಲನ್ನು ಎನೇಬಲ್ ಮಾಡಿದೆ. ಉಳಿದ ಗೇಮ್‌ಗಳು ಮೊದಲಿನಂತಾದವು, ಆ ಒಂದು ಗೇಮ್ ಮಾತ್ರ ಇಂಟೆಲ್ ಮೇಲೆಯೇ ಕುಳಿತಿತ್ತು. ನಿಜವಾದ ಪ್ರಶ್ನೆಗೆ ನಾನು ಆಗಷ್ಟೇ ಬಂದಿದ್ದೆ. ಯಾವ ಪ್ರೋಗ್ರಾಂ ಯಾವ ಚಿಪ್ ಮೇಲೆ ಓಡಬೇಕು ಎಂಬುದನ್ನು ಹಲವರು ಹೇಳುತ್ತಾರೆ. ಎನ್‌ವಿಡಿಯಾದ ಡ್ರೈವರ್‌ನಲ್ಲಿ ಹೆಸರಾಂತ ಗೇಮ್‌ಗಳ ಪ್ರೊಫೈಲ್‌ಗಳು ಮೊದಲೇ ಇರುತ್ತವೆ. ಕೆಲವು ಗೇಮ್‌ಗಳನ್ನು ಮಾಡಿದವರೇ ತಮ್ಮ ಫೈಲಿನೊಳಗೆ ನನಗೆ ದೊಡ್ಡ ಕಾರ್ಡ್ ಬೇಕು ಎಂಬ ಸೂಚನೆಯನ್ನು ಇಟ್ಟಿರುತ್ತಾರೆ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ನಾವೂ ಹೇಳಬಹುದು. ಇವೆಲ್ಲದರ ಮೇಲೆ, 2018ರ ಏಪ್ರಿಲ್ ಅಪ್‌ಡೇಟ್‌ನಿಂದ ಈಚೆಗೆ ವಿಂಡೋಸ್ 10ರಲ್ಲಿ, ಈಗ 11ರಲ್ಲಿಯೂ, ಸೆಟ್ಟಿಂಗ್ಸ್‌ನ ಸಿಸ್ಟಮ್, ಡಿಸ್‌ಪ್ಲೇ, ಗ್ರಾಫಿಕ್ಸ್ ಎಂಬಲ್ಲಿ ವಿಂಡೋಸಿನ ಸ್ವಂತ ಪಟ್ಟಿಯಿದೆ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಒಂದು, ಈ ಪಟ್ಟಿಯಲ್ಲಿ ಇನ್ನೊಂದು ಇದ್ದರೆ ಪಟ್ಟಿಯದೇ ನಡೆಯುತ್ತದೆ. ಪವರ್ ಸೇವಿಂಗ್ ಎಂದು ಅಲ್ಲಿ ಬರೆದಿದ್ದರೆ ನೀವು ಕಂಟ್ರೋಲ್ ಪ್ಯಾನೆಲ್‌ನಲ್ಲಿ ಎಷ್ಟು ಗುದ್ದಾಡಿದರೂ ವ್ಯರ್ಥ.

ನಾನು ಆ ಪಟ್ಟಿಯಲ್ಲಿ ಹೈ ಪರ್ಫಾರ್ಮೆನ್ಸ್ ಎಂದೇ ಹಾಕಿದ್ದೆ, ಆದರೆ ಬೇರೆ ಫೈಲಿಗೆ. ಅನ್‌ರಿಯಲ್ ಎಂಜಿನ್ನಿನ ಗೇಮ್‌ಗಳಲ್ಲಿ ಹೊರಗಿನ ಫೋಲ್ಡರಿನಲ್ಲಿ ಗೇಮ್‌ನ ಹೆಸರಿನದೇ ಒಂದು ಸಣ್ಣ ಇಎಕ್ಸ್‌ಇ, ಅಂದರೆ ಪ್ರೋಗ್ರಾಂ ಫೈಲ್, ಇರುತ್ತದೆ. ಅದರ ಕೆಲಸ ಒಳಗಿನದನ್ನು ಎಬ್ಬಿಸುವುದಷ್ಟೇ. ನಿಜವಾದ ಗೇಮ್ ಬೈನರೀಸ್ ಎಂಬ ಫೋಲ್ಡರಿನೊಳಗಿನ ವಿನ್64 ಎಂಬಲ್ಲಿ, ಹೆಸರಿನ ಕೊನೆಗೆ ಶಿಪ್ಪಿಂಗ್ ಎಂದು ಅಂಟಿಸಿಕೊಂಡು ಕುಳಿತಿರುತ್ತದೆ. ನಾನು ಹೊರಗಿನದಕ್ಕೆ ಆಜ್ಞೆ ಕೊಟ್ಟಿದ್ದೆ, ಒಳಗಿನದು ತನ್ನ ಪಾಡಿಗೆ ಇಂಟೆಲ್ ಮೇಲೆ ಓಡುತ್ತಿತ್ತು. ಮೈನ್‌ಕ್ರಾಫ್ಟಿನ ಜಾವಾ ಆವೃತ್ತಿಯಲ್ಲೂ ಇದೇ ಕಥೆ: ಲಾಂಚರ್ ಬೇರೆ, ಗೇಮನ್ನು ಓಡಿಸುವ ಜಾವಾಡಬ್ಲ್ಯೂ ಬೇರೆ.

ಸರಿಯಾದ ಫೈಲನ್ನು ಊಹಿಸಬೇಕಾಗಿಲ್ಲ. ಗೇಮ್ ಓಡುತ್ತಿರುವಾಗಲೇ ಆಲ್ಟ್ ಟ್ಯಾಬ್ ಒತ್ತಿ ಹೊರಬಂದು ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಪ್ರೊಸೆಸಸ್ ಪುಟದಲ್ಲಿ ಅಂಕಣಗಳ ತಲೆಬರಹದ ಮೇಲೆ ರೈಟ್ ಕ್ಲಿಕ್ ಮಾಡಿ ಜಿಪಿಯು ಎಂಜಿನ್ ಎಂಬುದಕ್ಕೆ ಗುರುತು ಹಾಕಿದರೆ, ಗೇಮ್‌ನ ಸಾಲಿನಲ್ಲಿ ಜಿಪಿಯು 0 ಅಥವಾ ಜಿಪಿಯು 1 ಎಂದು ಸ್ಪಷ್ಟವಾಗಿ ಬರುತ್ತದೆ. ಡೀಟೇಲ್ಸ್ ಪುಟಕ್ಕೆ ಹೋಗಿ ಆ ಗೇಮ್‌ನ ಮೇಲೆ ರೈಟ್ ಕ್ಲಿಕ್ ಮಾಡಿ ಓಪನ್ ಫೈಲ್ ಲೊಕೇಶನ್ ಒತ್ತಿದರೆ ನಿಜವಾದ ಇಎಕ್ಸ್‌ಇ ಇರುವ ಜಾಗವೇ ತೆರೆದುಕೊಳ್ಳುತ್ತದೆ. ಗ್ರಾಫಿಕ್ಸ್ ಪಟ್ಟಿಗೆ ಅದನ್ನು ಸೇರಿಸಿ, ಹೈ ಪರ್ಫಾರ್ಮೆನ್ಸ್ ಕೊಟ್ಟು, ಗೇಮನ್ನು ಪೂರ್ತಿ ಮುಚ್ಚಿ ಮತ್ತೆ ತೆರೆಯಿರಿ. ನನ್ನ ತೊಂದರೆ ಅಲ್ಲಿಗೆ ಮುಗಿಯಿತು.

ನಿಮ್ಮಲ್ಲಿ ಒಂದೇ ಗೇಮ್ ಅಲ್ಲದೆ ಎಲ್ಲ ಗೇಮ್‌ಗಳೂ ಇಂಟೆಲ್ ಮೇಲೆಯೇ ಓಡುತ್ತಿದ್ದರೆ ಹುಡುಕಬೇಕಾದ ಜಾಗ ಬೇರೆ. ಡಿವೈಸ್ ಮ್ಯಾನೇಜರ್‌ನಲ್ಲಿ ಎನ್‌ವಿಡಿಯಾದ ಹೆಸರೇ ಇಲ್ಲದಿದ್ದರೆ, ಲ್ಯಾಪ್‌ಟಾಪ್ ಕಂಪನಿಯ ಸಾಫ್ಟ್‌ವೇರ್‌ನಲ್ಲೋ, ವಿಂಡೋಸಿಗೂ ಮೊದಲು ತೆರೆಯುವ ಬಯಾಸ್ ಸೆಟ್ಟಿಂಗ್ಸ್‌ನಲ್ಲೋ ಯಾರೋ ಇಕೋ ಅಥವಾ ಇಂಟೆಲ್ ಮಾತ್ರ ಎಂಬಂಥ ಮೋಡ್ ಆರಿಸಿರುವ ಸಾಧ್ಯತೆಯೇ ಹೆಚ್ಚು. ಎರಡೂ ಚಿಪ್ ಕೆಲಸ ಮಾಡುವ ಹೈಬ್ರಿಡ್ ಮೋಡ್‌ಗೆ ಬದಲಿಸಿ ರೀಸ್ಟಾರ್ಟ್ ಮಾಡಿ. ಹೊಸ ಮಾದರಿಗಳಲ್ಲಿ ಮಕ್ಸ್ ಸ್ವಿಚ್ ಎಂಬುದಿರುತ್ತದೆ, ಪರದೆಯನ್ನೇ ಎನ್‌ವಿಡಿಯಾಕ್ಕೆ ಜೋಡಿಸುವ ಡಿಸ್ಕ್ರೀಟ್ ಮೋಡ್ ಅಂಥವುಗಳಲ್ಲಿ ಸಿಗುತ್ತದೆ. ಇಂಟೆಲ್ಲನ್ನು ಬದಿಗಿಡಬೇಕು ಎಂಬ ನಿಮ್ಮ ಆಸೆಗೆ ನೆಟ್ಟಗಿನ ದಾರಿ ಅದೊಂದೇ, ಬ್ಯಾಟರಿ ಮಾತ್ರ ಬೇಗ ಖಾಲಿಯಾಗುತ್ತದೆ. ಎನ್‌ವಿಡಿಯಾದ ಹೆಸರಿದ್ದು ಹಳದಿ ತ್ರಿಕೋನದೊಂದಿಗೆ ಕೋಡ್ 43 (ತೊಂದರೆ ಕಂಡು ಸಾಧನವನ್ನು ವಿಂಡೋಸ್ ನಿಲ್ಲಿಸಿದೆ ಎಂಬ ಸಂದೇಶ) ಬಂದಿದ್ದರೆ ಡ್ರೈವರ್ ಶುದ್ಧೀಕರಿಸಿ: ಇಂಟರ್‌ನೆಟ್ ಕಡಿದು, ಸೇಫ್ ಮೋಡ್‌ನಲ್ಲಿ ಹಳೆಯ ಡ್ರೈವರನ್ನು ಪೂರ್ತಿ ತೆಗೆಯುವ ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್ ಎಂಬ ಪ್ರೋಗ್ರಾಂ ಓಡಿಸಿ, ಮೊದಲು ಇಂಟೆಲ್, ಆಮೇಲೆ ಎನ್‌ವಿಡಿಯಾ ಡ್ರೈವರ್ ಹಾಕಿ. ಇಂಟರ್‌ನೆಟ್ ಇದ್ದರೆ ವಿಂಡೋಸ್ ಅಪ್‌ಡೇಟ್ ನಡುವೆ ನುಗ್ಗಿ ತನ್ನದೊಂದು ಡ್ರೈವರ್ ಕೂರಿಸಿಬಿಡುತ್ತದೆ.

ಫಾರ್ಮ್ಯಾಟ್ ಬೇಡ ಎಂದದ್ದೂ ಇದಕ್ಕೇ. ಫಾರ್ಮ್ಯಾಟ್ ಮಾಡಿದರೆ ಬಯಾಸ್‌ನ ಮೋಡ್ ಬದಲಾಗುವುದಿಲ್ಲ, ಕಂಪನಿಯ ಸಾಫ್ಟ್‌ವೇರ್ ಹೋಗಿಬಿಡಬಹುದು, ಗ್ರಾಫಿಕ್ಸ್ ಪಟ್ಟಿ ಖಾಲಿಯಾಗಿ ಎಲ್ಲವೂ ವಿಂಡೋಸಿನ ಮರ್ಜಿಗೆ ಬೀಳುತ್ತದೆ. ತೊಂದರೆ ಹೋದರೂ ಯಾವುದರಿಂದ ಹೋಯಿತು ಎಂದು ತಿಳಿಯುವುದಿಲ್ಲ.

ಚಾರ್ಜರ್ ವಿಷಯವನ್ನು ನಿಮ್ಮ ಪ್ರಶ್ನೆಯಲ್ಲಿ ಬರೆದಿಲ್ಲ. ಕರೆಂಟ್ ಹೋದಾಗ ಬ್ಯಾಟರಿಯ ಮೇಲೆ ಆಡುತ್ತಿದ್ದರೆ ಎನ್‌ವಿಡಿಯಾ ತನ್ನ ಶಕ್ತಿಯನ್ನು ತಾನೇ ಕಡಿತ ಮಾಡಿಕೊಳ್ಳುತ್ತದೆ, ಬ್ಯಾಟರಿ ಬೂಸ್ಟ್ ಎಂಬುದು ಚಾಲೂ ಇದ್ದರೆ ಗೇಮನ್ನು ಸೆಕೆಂಡಿಗೆ 30 ಫ್ರೇಮ್‌ಗೆ ಕಟ್ಟಿಹಾಕಲೂಬಹುದು. 180 ಅಥವಾ 230 ವ್ಯಾಟ್‌ನ ಅಡಾಪ್ಟರ್ ಬೇಡುವ ಲ್ಯಾಪ್‌ಟಾಪಿಗೆ 65 ವ್ಯಾಟ್‌ನ ಟೈಪ್-ಸಿ ಚಾರ್ಜರ್ ಹಚ್ಚಿದರೂ ಅದೇ ಗತಿ. ಇವೆರಡೂ ಕಾರ್ಡನ್ನು ಕಡೆಗಣಿಸಿದ ಹಾಗೆ ಕಾಣುತ್ತವೆ, ಆದರೆ ಜಿಪಿಯು ಎಂಜಿನ್ ಅಂಕಣದಲ್ಲಿ 1 ಎಂದೇ ಇರುತ್ತದೆ.

ಡ್ರೈವರ್ ಶುದ್ಧೀಕರಿಸಿದ ಮೇಲೂ ಕೋಡ್ 43 ಹೋಗದೆ, ಟಿವಿಗೂ ಚಿತ್ರ ಬರದಿದ್ದರೆ ಹಾರ್ಡ್‌ವೇರ್ ಮೇಲೆ ಸಂಶಯಪಡಬಹುದು. ಆಗಲೂ ವಾರಂಟಿ ಇದ್ದರೆ ಕಂಪನಿಯ ಸರ್ವಿಸ್ ಸೆಂಟರ್‌ಗೇ ಹೋಗಿ. ವಾರಂಟಿ ಮುಗಿದು ಹೊರಗಿನ ಅಂಗಡಿಗೆ ಒಯ್ಯುವುದಾದರೆ ಸೀಲ್ ತೆಗೆಯುವ ಮೊದಲು ನಿಮ್ಮೆದುರಿಗೇ ಎಚ್‌ಡಿಎಂಐ ಜೋಡಿಸಿ ತೋರಿಸಲು ಹೇಳಿ. ಒಪ್ಪದಿದ್ದರೆ ಲ್ಯಾಪ್‌ಟಾಪ್ ಎತ್ತಿಕೊಂಡು ಮನೆಗೆ ಬನ್ನಿ. ಇಷ್ಟರೊಳಗೆ ಬಗೆಹರಿಯದಿದ್ದರೆ ಗೇಮ್‌ನ ಹೆಸರು, ಜಿಪಿಯು ಎಂಜಿನ್ ಅಂಕಣದಲ್ಲಿ ಕಂಡದ್ದು, ಅಡಾಪ್ಟರಿನ ಮೇಲೆ ಬರೆದಿರುವ ವ್ಯಾಟ್ ಇವುಗಳನ್ನು ಬರೆಯಿರಿ. ಕೀಬೋರ್ಡಿನ ಪಕ್ಕದ ಸ್ಟಿಕ್ಕರಿನ ಫೋಟೊ ಕಳಿಸಿದ್ದೀರಿ, ಅದರಿಂದ ಏನೂ ತಿಳಿಯುವುದಿಲ್ಲ.