ಚಹಾದಲ್ಲಿ ಒಂದು ಚಿಟಿಕೆ

ಗಂಡ-ಹೆಂಡತಿ ಇಬ್ಬರೂ ಓದಿ, ಹೂಂ ಅಂದ ಮೇಲೆಯೇ ಇದನ್ನು ಹಂಚಿಕೊಳ್ಳುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಯಾರಿಗೂ ಸುಳ್ಳು ಹೆಸರು ಇಡಲು ಹೋಗಿಲ್ಲ.

ಬಳ್ಳಾರಿಯ ಬೇಸಿಗೆ. ಮಧ್ಯಾಹ್ನ ಮೂರಕ್ಕೆ ಯಾರೂ ಬರುವುದಿಲ್ಲ ಅಂತ ನಾನು ನನ್ನ ಆಪ್ತಸಮಾಲೋಚನೆಯ ಕೋಣೆಯಲ್ಲಿ ಫೈಲು ಜೋಡಿಸುತ್ತಿದ್ದೆ. ಆ ಗಂಡ ಒಬ್ಬರೇ ಬಂದು ಕೂತರು. ಜೇಬಿನಿಂದ ಪೇಪರಿನ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟರು.

"ಮೇಡಂ, ನಮ್ಮನೆಯಾಕಿಗೆ ಇದನ್ನ ಚಾದಾಗ ಹಾಕೀನಿ."

ವಯಸ್ಸು ಮೂವತ್ತನಾಲ್ಕು. ಎಂಟು ಮಷೀನಿನ ಜೀನ್ಸ್ ಹೊಲಿಯುವ ಘಟಕ ನಡೆಸುತ್ತಾರೆ. ಹೆಂಡತಿ ಶಾಲಾ ಶಿಕ್ಷಕಿ. ಮದುವೆಯಾಗಿ ಐದು ವರ್ಷ. ಆಕೆ ಒಂದು ಹವ್ಯಾಸಿ ತಂಡ ಸೇರಿದ್ದರು. ದಿನಾ ಸಂಜೆ ರಿಹರ್ಸಲ್. ನಾಟಕ ಶೇಕ್ಸ್‌ಪಿಯರ್‌ನ 'ಎ ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್', ಆಕೆಯದು ಯಕ್ಷಿಣಿಯರ ರಾಣಿ ಟೈಟಾನಿಯಾ ಪಾತ್ರ. ಒಂದು ದಿನ ಕರೆದುಕೊಂಡು ಬರಲು ಹೋದವರು ಬಾಗಿಲಲ್ಲೇ ನಿಂತು ನೋಡಿದ್ದಾರೆ. ಕತ್ತೆ ತಲೆಯ ಮುಖವಾಡ ಹಾಕಿದ ಒಬ್ಬನ ಕಿವಿ ಸವರುತ್ತಾ, ತಲೆಗೆ ಹೂ ಮುಡಿಸುತ್ತಾ, ಹೆಂಡತಿ ನಗುತ್ತಿದ್ದಳು.

"ಮನ್ಯಾಗ ಹಂಗ ನಕ್ಕಿದ್ದು ನಾ ನೋಡಿಲ್ಲ ಮೇಡಂ."

ಅವತ್ತಿನಿಂದ ನಿದ್ದೆ ಹೋಯಿತು. ಆಕೆ ಸ್ನಾನಕ್ಕೆ ಹೋದಾಗ ಫೋನ್ ನೋಡುವುದು, ವಾಟ್ಸ್ಆ್ಯಪ್‌ನಲ್ಲಿ ಎಷ್ಟೊತ್ತಿಗೆ ಇದ್ದಳು ಅಂತ ಲೆಕ್ಕ ಹಾಕುವುದು. ಏನೂ ಸಿಗಲಿಲ್ಲ. ಸಿಗದೇ ಇದ್ದದ್ದು ಅನುಮಾನವನ್ನು ಜಾಸ್ತಿ ಮಾಡಿತು. ಆಮೇಲೆ ಯಾರೋ ಒಬ್ಬ ವಶೀಕರಣದವನ ಹತ್ತಿರ ಕರೆದುಕೊಂಡು ಹೋದ. ಹನ್ನೊಂದು ಸಾವಿರ ರೂಪಾಯಿ, ಮೂರು ಪೊಟ್ಟಣ, ಇಪ್ಪತ್ತೊಂದು ದಿನ ದಿನಕ್ಕೊಂದು ಚಿಟಿಕೆ. ನಾಲ್ಕನೇ ದಿನ ಆಕೆಗೆ ವಾಂತಿ. ಬಾಯಿ ಒಣಗುತ್ತದೆ, ಅಕ್ಷರ ಮಂಜಾಗಿ ಕಾಣುತ್ತವೆ ಅಂದಳಂತೆ. ಇವರು ಹೆದರಿ ಹಾಕುವುದು ನಿಲ್ಲಿಸಿದರು. ಅದು ಹಿಂದಿನ ದಿನದ ಮಾತು.

ಇಲ್ಲಿ ನಾನು ಪ್ರೀತಿ, ಅಸೂಯೆ ಅಂತ ಮಾತಿಗೆ ಕೂತಿದ್ದರೆ ದೊಡ್ಡ ತಪ್ಪಾಗುತ್ತಿತ್ತು. ಮೊದಲು ಆಕೆಯ ಜೀವ. ಇಂಥ ಪುಡಿಯಲ್ಲಿ ಏನಿದೆ ಅಂತ ಕೊಟ್ಟವನಿಗೂ ಎಷ್ಟೋ ಸಲ ಗೊತ್ತಿರುವುದಿಲ್ಲ. ಉಮ್ಮತ್ತಿ ಬೀಜ ಬಿದ್ದಿದ್ದರೆ ಬಾಯಿ ಒಣಗುತ್ತದೆ, ಕಣ್ಣಿನ ಪಾಪೆ ಹಿಗ್ಗಿ ನೋಟ ಮಂಜಾಗುತ್ತದೆ, ಜಾಸ್ತಿಯಾದರೆ ಭ್ರಮೆ, ಜೀವಕ್ಕೂ ಅಪಾಯ. ಸೀಸ, ಪಾದರಸ ಇದ್ದರೆ ಅದರ ಕಥೆಯೇ ಬೇರೆ. ನೇರವಾಗಿ ಹೇಳಿದೆ: "ಇಲ್ಲಿ ಆಡಿದ್ದು ಇಲ್ಲೇ ಇರುತ್ತದೆ, ನಿಜ. ಆದರೆ ಇನ್ನೊಬ್ಬರ ಜೀವಕ್ಕೆ ಅಪಾಯ ಅಂದಾಗ ನಾನು ಗುಟ್ಟು ಕಾಯುವುದಿಲ್ಲ. ಈಗಲೇ ಎದ್ದು ಹೋಗಿ, ಆಕೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಪೊಟ್ಟಣವನ್ನು ಡಾಕ್ಟರ್ ಕೈಗೆ ಕೊಡಿ. ಏನು ಹಾಕಿದ್ದು, ಎಷ್ಟು ದಿನ ಹಾಕಿದ್ದು, ಆಕೆಯ ಎದುರಿಗೇ ಹೇಳಿ. ಅಲ್ಲಿಂದ ನನಗೆ ಫೋನ್ ಮಾಡಿ."

"ಆಕಿ ಬಿಟ್ಟು ಹೋದ್ರ?"

"ಹೋಗಬಹುದು," ಅಂದೆ. ಸುಳ್ಳು ಸಮಾಧಾನ ಹೇಳಲು ನನಗೆ ಬರುವುದಿಲ್ಲ.

ರಾತ್ರಿ ಎಂಟಕ್ಕೆ ಫೋನ್ ಬಂತು. ಆಕೆಯನ್ನು ಒಂದು ರಾತ್ರಿ ಆಸ್ಪತ್ರೆಯಲ್ಲಿ ಇಟ್ಟುಕೊಂಡರು. ಆರಾಮಾದರು. ಅಲ್ಲಿಂದ ಸೀದಾ ತವರಿಗೆ ಹೋದರು.

ನಾಲ್ಕು ದಿನ ಬಿಟ್ಟು ಅವರು ಮತ್ತೆ ಬಂದಾಗ ನಾಟಕದ ಮಾತು ಎತ್ತಿದೆ. ಸ್ಕ್ರಿಪ್ಟ್ ಅವರ ಮನೆಯಲ್ಲೇ ಇತ್ತು. ಬರೀ ಇದ್ದದ್ದಲ್ಲ, ಶುರುವಿನಲ್ಲಿ ಹೆಂಡತಿಗೆ ಮಾತು ಬಾಯಿಪಾಠ ಮಾಡಿಸಿದವರು ಇವರೇ. ಟೈಟಾನಿಯಾಳ ಗಂಡ ಓಬೆರಾನ್‌ನ ಮಾತುಗಳನ್ನು ಇವರು ಓದುತ್ತಿದ್ದರಂತೆ.

"ಆ ಓಬೆರಾನ್ ಏನು ಮಾಡ್ತಾನೆ ಹೇಳಿ."

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಮುಖ ಮುಚ್ಚಿಕೊಂಡರು.

ನಾಟಕ ಗೊತ್ತಿಲ್ಲದವರಿಗೆ ಹೇಳುತ್ತೇನೆ. 1595-96ರ ಸುಮಾರಿಗೆ ಬರೆದದ್ದು. ನಮ್ಮಲ್ಲಿ ಎಂ. ಎಲ್. ಶ್ರೀಕಂಠೇಶಗೌಡರು ಇದನ್ನೇ 'ಪ್ರಮೀಳಾರ್ಜುನೀಯ' ಅಂತ ಕನ್ನಡಕ್ಕೆ ಒಗ್ಗಿಸಿದರು. ಓಬೆರಾನ್‌ಗೆ ಹೆಂಡತಿ ಸಾಕುತ್ತಿರುವ ಒಬ್ಬ ಹುಡುಗ ಬೇಕು. ಅವಳು ಕೊಡುವುದಿಲ್ಲ. ಆ ಹುಡುಗನ ತಾಯಿ ಅವಳ ಗೆಳತಿ, ಹೆರಿಗೆಯಲ್ಲಿ ತೀರಿಕೊಂಡವಳು. ಎಂಥ ಕಾರಣ ನೋಡಿ! ಗಂಡ ಆ ಕಾರಣವನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲ. ನಿದ್ದೆಯಲ್ಲಿದ್ದ ಹೆಂಡತಿಯ ಕಣ್ಣಿಗೆ ಹೂವಿನ ರಸ ಹಿಂಡುತ್ತಾನೆ. ಎದ್ದ ಕೂಡಲೇ ಯಾರು ಕಾಣುತ್ತಾರೋ ಅವರ ಮೇಲೆ ಮೋಹ. ಕಂಡವನು ಕತ್ತೆ ತಲೆಯ ನೇಕಾರ ಬಾಟಮ್. ಆ ಅಮಲಿನಲ್ಲೇ ಹುಡುಗನನ್ನು ಕೊಟ್ಟುಬಿಡುತ್ತಾಳೆ.

ಅದೇ ರಸ ಊರಿನ ಹುಡುಗರ ಕಣ್ಣಿಗೂ ಬೀಳುತ್ತದೆ. ಅದನ್ನು ಹಚ್ಚುವ ಓಬೆರಾನ್‌ನ ಸೇವಕ ಪಕ್, ಬಟ್ಟೆ ನೋಡಿ ಗುರುತು ತಪ್ಪುತ್ತಾನೆ. ಹರ್ಮಿಯಾಳ ಹಿಂದಿದ್ದ ಲೈಸಾಂಡರ್, ಡೆಮಿಟ್ರಿಯಸ್ ಇಬ್ಬರೂ ಹೆಲೆನಾಳ ಹಿಂದೆ ಬೀಳುತ್ತಾರೆ, ಜೀವದ ಗೆಳತಿಯರು ಕುಳ್ಳಿ-ಉದ್ದಿ ಅಂತ ಕಿತ್ತಾಡುತ್ತಾರೆ. ಜನ ಬಿದ್ದು ಬಿದ್ದು ನಗುತ್ತಾರೆ. ನನಗೂ ನಗು ಬರುತ್ತದೆ. ಆದರೆ ಕೊನೆಯಲ್ಲಿ ಲೈಸಾಂಡರ್‌ನ ಕಣ್ಣು ತಿಳಿಯಾಗುತ್ತದೆ, ಟೈಟಾನಿಯಾಳದೂ ಆಗುತ್ತದೆ. ಡೆಮಿಟ್ರಿಯಸ್‌ನ ಕಣ್ಣಿನ ರಸ ಮಾತ್ರ ಯಾರೂ ತೆಗೆಯುವುದಿಲ್ಲ. ಹಾಗೇ ಮದುವೆ. ಅವನು ಹಿಂದೆ ಹೆಲೆನಾಳನ್ನು ಮೆಚ್ಚಿ ಬಿಟ್ಟವನು, ನಿಜ. ಈಗಿನ ಪ್ರೀತಿ ಅವನದೋ ಹೂವಿನದೋ?

ಇದನ್ನೇ ಅವರಿಗೆ ಕೇಳಿದೆ. "ಪುಡಿ ಕೆಲಸ ಮಾಡಿತು ಅಂತಲೇ ಇಟ್ಟುಕೊಳ್ಳಿ. ಮರುದಿನ ಆಕೆ ನಕ್ಕರೆ ಅದನ್ನು ಯಾರ ಖಾತೆಗೆ ಬರೀತೀರಿ?"

"ಆ ಪುಡಿದು," ಅಂದರು ನಿಧಾನಕ್ಕೆ. "ಮತ್ತ ನಾ ನಂಬ್ತಿದ್ದಿಲ್ಲ."

ಆಮೇಲೆ ಕೊಟ್ಟ ಸಲಹೆಗಳು ಬಹಳ ಸಾದಾ. ಫೋನ್ ಮುಟ್ಟುವ ಹಾಗಿಲ್ಲ. ಹೊಟ್ಟೆಯಲ್ಲಿ ಉರಿ ಎದ್ದಾಗ ಬಿಲ್ ಪುಸ್ತಕದ ಹಿಂದೆ ಎರಡು ಸಾಲು ಬರೆಯಬೇಕು. ಒಂದು ಕಂಡದ್ದು, ಇನ್ನೊಂದು ಕಟ್ಟಿದ್ದು. ಅವರು ತಂದು ತೋರಿಸಿದ ಮೊದಲ ಚೀಟಿ: "ಕಂಡದ್ದು: ಆಕಿ ಮೆಸೇಜ್ ನೋಡಿ ಉತ್ತರ ಕೊಡಲಿಲ್ಲ. ಕಟ್ಟಿದ್ದು: ಅವನ ಜೋಡಿ ಅದಾಳ." ಆಕೆ ಆಗ ತಾಯಿಯನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದರು. ನಿದ್ದೆ ಇಲ್ಲದ ರಾತ್ರಿಗಳಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ ನಂಬರ್ 14416 ಕೊಟ್ಟೆ, ಕನ್ನಡದಲ್ಲೇ ಮಾತಾಡಬಹುದು. ನಿದ್ದೆಗೂ ವಿಪರೀತ ಅನುಮಾನಕ್ಕೂ ಒಮ್ಮೆ ಮನೋವೈದ್ಯರನ್ನು ಕಾಣಿ ಅಂದೆ. ಹಿಂಜರಿದರು. 1985ರಲ್ಲಿ ನಿಮ್ಹಾನ್ಸ್‌ನವರು ಜಿಲ್ಲಾ ಮಟ್ಟದ ಮಾನಸಿಕ ಆರೋಗ್ಯ ಸೇವೆಯನ್ನು ಮೊದಲು ಮಾಡಿ ನೋಡಿದ್ದೇ ನಮ್ಮ ಬಳ್ಳಾರಿಯಲ್ಲಿ, ದೇಶಕ್ಕೆ ಅದು 'ಬಳ್ಳಾರಿ ಮಾದರಿ' ಆಯಿತು ಅಂತ ಹೇಳಿದೆ. "ಹೌದಾ?" ಅಂದು ಹೋಗಿ ಬಂದರು.

ಆಕೆಯನ್ನು ಬೇರೆಯಾಗಿ ಕಂಡೆ. ಮೊದಲು ಕೇಳಿದ್ದು, ಆ ಮನೆಯಲ್ಲಿ ಭಯ ಇದೆಯಾ, ಹಿಂದೆ ಕೈ ಎತ್ತಿದ್ದುಂಟಾ ಅಂತ. ಇಲ್ಲ ಅಂದರು. ಆದರೂ ಮಹಿಳಾ ಸಹಾಯವಾಣಿ 181 ಬರೆದು ಕೊಟ್ಟೆ. ದೂರು ಕೊಡುವುದು, ಬಿಡುವುದು, ವಾಪಸ್ ಹೋಗುವುದು ಎಲ್ಲಾ ನಿಮ್ಮ ತೀರ್ಮಾನ, ಯಾರ ಅವಸರಕ್ಕೂ ಬೇಡ ಅಂದೆ. ತವರಿನ ಹಿರಿಯರು "ಅದಕ್ಕ ನಾಟಕ ಬಿಟ್ಟುಬಿಡು" ಅಂದಿದ್ದರು. ಅದು ನನಗೆ ಸಿಟ್ಟು ತರಿಸಿತು. ಮದ್ದು ಹಾಕಿದವರು ಒಬ್ಬರು, ಬಿಡಬೇಕಾದವರು ಇನ್ನೊಬ್ಬರಾ? ವಕೀಲಿಕೆ ಮಾಡುತ್ತಲೇ ಶೇಕ್ಸ್‌ಪಿಯರ್ ಪಾತ್ರ ಆಡಿದ ಬಳ್ಳಾರಿ ರಾಘವರ (1880–1946) ಊರು ಇದು. ಹೆಣ್ಣಿನ ಪಾತ್ರ ಹೆಣ್ಣೇ ಮಾಡಲಿ ಅಂದವರು ಅವರು.

ಆಕೆಯ ಅಪ್ಪ ಬಯಲಾಟದಲ್ಲಿ ವೇಷ ಹಾಕುತ್ತಿದ್ದರಂತೆ. "ಮದುವಿ ಆದ್ಮ್ಯಾಲ ನಾ ಅಷ್ಟು ಜೋರಾಗಿ ಮಾತಾಡೇ ಇಲ್ಲ ಮೇಡಂ. ಅಲ್ಲಿ ಮಾತಾಡ್ತೀನಿ." ಆ ನಗುವಿನ ಕಾರಣ ಇದು. ಗಂಡ ಒಮ್ಮೆಯೂ ಕೇಳಿರಲಿಲ್ಲ.

ಜೊತೆಗೆ ಕೂರಿಸಿದ್ದು ಮೂರು ವಾರದ ನಂತರ. ಕಣ್ಣು ತಿಳಿಯಾದ ಟೈಟಾನಿಯಾ ಗಂಡನಿಗೆ ಹೇಳುತ್ತಾಳೆ, ಇದೆಲ್ಲ ಹೇಗಾಯಿತು, ಹೋಗುತ್ತಾ ಹೇಳು ಅಂತ. ಇಬ್ಬರೂ ಹಾರಿ ಹೋಗುತ್ತಾರೆ. ಅವನ ಉತ್ತರ ನಮಗೆ ಕೇಳಿಸುವುದೇ ಇಲ್ಲ. ಆಕೆಗೆ ಅದು ಬಾಯಿಪಾಠ ಇತ್ತಲ್ಲ, ತಾವೇ ಗಂಡನ ಕಡೆ ತಿರುಗಿದರು: "ಹೇಳ್ರೀ. ಹೆಂಗ ಮನಸ್ಸು ಬಂತು ನಿಮಗ?"

ನಲವತ್ತು ನಿಮಿಷ ಹೇಳಿದರು. ನಾನು ನಡುವೆ ಬಾಯಿ ಹಾಕಲಿಲ್ಲ.

ಪ್ರದರ್ಶನ ಆಯಿತು. ಅವರು ಹಿಂದಿನ ಸಾಲಿನಲ್ಲಿ ಕೂತು ನೋಡಿದರಂತೆ. ಆಕೆ ಈಗ ಮನೆಗೆ ಬಂದಿದ್ದಾರೆ. ಚಹಾ ಮಾತ್ರ ತಾವೇ ಮಾಡಿಕೊಳ್ಳುತ್ತಾರೆ. ಗಂಡ ಎದ್ದರೆ, "ಬ್ಯಾಡ, ಕುಂದರ್ರಿ" ಅನ್ನುತ್ತಾರಂತೆ. ಅವರು ಕೂತುಕೊಳ್ಳುತ್ತಾರೆ.