ಸಂಪಾದಕರ ಉತ್ತರ: ಖಾತೆಗೆ ಬರುವ ಹಣ ಮತ್ತು ಮಳೆಗಾಲದ ಮನೆಖರ್ಚು

ಮಾನ್ಯರೇ,

ಕಳೆದ ಸಂಚಿಕೆಯ ಗೃಹಲಕ್ಷ್ಮಿ ಕುರಿತ ಲೇಖನವನ್ನು ಓದಿ ಶಿರಸಿ ತಾಲ್ಲೂಕಿನಿಂದ ತಾವು ಬರೆದ ಪತ್ರ ತಲುಪಿದೆ. ಸ್ಥಳಾಭಾವದಿಂದ ಅದನ್ನು ಪೂರ್ತಿ ಅಚ್ಚು ಹಾಕಲು ಆಗಲಿಲ್ಲ. ಆದ್ದರಿಂದ ತಮ್ಮ ಆಕ್ಷೇಪಗಳನ್ನು ಓದುಗರ ಮುಂದಿಟ್ಟೇ ಉತ್ತರಿಸುತ್ತೇನೆ. ತಿಂಗಳಿಗೆ ಎರಡು ಸಾವಿರ ರೂಪಾಯಿ ಕುಳಿತಲ್ಲಿಗೇ ಬರುವುದರಿಂದ ಅಡಿಕೆಯ ಕೊನೆ (ಗೊನೆ) ಕೊಯ್ಲಿಗೆ, ಅಡಿಕೆ ಸುಲಿಯಲು ಜನ ಬರುತ್ತಿಲ್ಲ. ಹೆಂಗಸರ ಖಾತೆಗೆ ಬಿದ್ದ ಹಣ ಕಡೆಗೆ ಗಂಡಸರ ಕುಡಿತಕ್ಕೆ ಹೋಗುತ್ತದೆ. ಕೈಯಲ್ಲಿ ಹಣ ಓಡಾಡಿದಂತೆ ಅಂಗಡಿಯಲ್ಲಿ ಬೆಲೆ ಏರುತ್ತದೆ. ಕೊಡುವುದೇ ಆದರೆ ಅಕ್ಕಿ ಕೊಡಲಿ, ಇಲ್ಲವೇ ಕೆಲಸ ಕೊಡಲಿ ಎಂಬುದು ತಮ್ಮ ಪತ್ರದ ಸಾರ. ತೋಟ ನಡೆಸುವವರ ಕಷ್ಟ ಅದರ ಪ್ರತಿ ಸಾಲಿನಲ್ಲೂ ಇದೆ, ಅದನ್ನು ಹಗುರವಾಗಿ ಕಾಣುವ ಉದ್ದೇಶ ನನಗಿಲ್ಲ.

ಮೊದಲು ಕೂಲಿಯ ವಿಚಾರ. ಗೃಹಲಕ್ಷ್ಮಿ ಶುರುವಾದದ್ದು 2023ರ ಆಗಸ್ಟ್ 30ರಂದು. ಮರ ಹತ್ತಿ ಅಡಿಕೆ ಕೊಯ್ಯುವ ಕೊನೆಗೌಡರು ಸಿಗುವುದಿಲ್ಲ, ಮಳೆಗಾಲದಲ್ಲಿ ಮದ್ದು ಹೊಡೆಯುವವರಿಲ್ಲ ಎಂಬ ಮಾತು ಘಟ್ಟದ ಮೇಲಿನ ನಮ್ಮ ತಾಲ್ಲೂಕುಗಳಲ್ಲಿ ಅದಕ್ಕಿಂತ ಬಹಳ ಹಳೆಯದು. ಮರ ಹತ್ತುವ ಕಸುಬನ್ನು ಅಪ್ಪನಿಂದ ಮಗ ಕಲಿಯಲಿಲ್ಲ, ಹುಡುಗರು ಬೆಂಗಳೂರು, ಗೋವಾ ಸೇರಿದರು, ಬಿದ್ದರೆ ನೋಡಿಕೊಳ್ಳುವವರಿಲ್ಲ ಎಂಬ ಭಯವೂ ಸೇರಿತು. ನೆಲದಲ್ಲೇ ನಿಂತು ಕೊಯ್ಯುವ ಫೈಬರ್ ದೋಟಿಗಳು ತೋಟಕ್ಕೆ ಬಂದದ್ದೂ ಇದೇ ಕೊರತೆಯಿಂದ. ಲೆಕ್ಕ ಹಾಕಿ ನೋಡಿದರೂ ತಮ್ಮ ವಾದ ನಿಲ್ಲುವುದು ಕಷ್ಟ. 2025-26ರಲ್ಲಿ ಉದ್ಯೋಗ ಖಾತ್ರಿಯಡಿ ಕರ್ನಾಟಕಕ್ಕೆ ನಿಗದಿಯಾದ ದಿನಗೂಲಿ 370 ರೂಪಾಯಿ. ಎರಡು ಸಾವಿರವೆಂದರೆ ಆ ದರದಲ್ಲಿ ಆರು ದಿನದ ಕೂಲಿಯೂ ಆಗುವುದಿಲ್ಲ, ಕೊಯ್ಲಿನ ಕಾಲದಲ್ಲಿ ತೋಟದ ಕೂಲಿ ಅದಕ್ಕಿಂತ ಎಷ್ಟು ಹೆಚ್ಚೆಂಬುದು ಕೊಡುವ ತಮಗೇ ಚೆನ್ನಾಗಿ ಗೊತ್ತು. ಅಷ್ಟು ಹಣಕ್ಕಾಗಿ ಕೊಯ್ಲಿನ ಇಡೀ ತಿಂಗಳ ದುಡಿಮೆಯನ್ನು ಬಿಟ್ಟುಕೊಡುವಷ್ಟು ಅನುಕೂಲ ಯಾವ ಕೂಲಿ ಮನೆಗೂ ಇಲ್ಲ. ಅರ್ಥಶಾಸ್ತ್ರಜ್ಞ ಅಭಿಜಿತ್ ಬ್ಯಾನರ್ಜಿ ಮತ್ತು ಅವರ ಸಂಗಡಿಗರು ಆರು ದೇಶಗಳ ಏಳು ನಗದು ನೆರವು ಯೋಜನೆಗಳ ಮಾಹಿತಿಯನ್ನು ಒಟ್ಟಿಗೆ ಪರಿಶೀಲಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ, ನೆರವು ಪಡೆದವರು ದುಡಿಮೆ ಕಡಿಮೆ ಮಾಡಿದರೆನ್ನಲು ವ್ಯವಸ್ಥಿತವಾದ ಪುರಾವೆ ಕಾಣಲಿಲ್ಲ.

ಆದರೂ ತಮ್ಮ ಅನುಭವ ಸುಳ್ಳಲ್ಲ. ಅದರ ಹಿಂದೆ ಬೇರೊಂದು ಬದಲಾವಣೆ ಇದೆಯೆಂದು ನನ್ನ ಎಣಿಕೆ. ಆಷಾಢದಲ್ಲಿ ಒಡೆಯರ ಮನೆಯಿಂದ ಮುಂಗಡ ತಂದು, ಕೊಯ್ಲಿನಲ್ಲಿ ಅದೇ ಮನೆಯಲ್ಲಿ ದುಡಿದು ತೀರಿಸುವ ರೂಢಿ ನಮ್ಮಲ್ಲಿ ಹಳೆಯದು. ಮುಂಗಡ ಬೇಡದವರು ಯಾರ ತೋಟಕ್ಕೆ ಹೋಗಬೇಕು, ಎಷ್ಟಕ್ಕೆ ಹೋಗಬೇಕು ಎಂದು ಕೇಳುತ್ತಾರೆ. ಸ್ವಉದ್ಯೋಗಿ ಮಹಿಳೆಯರ ಸಂಘಟನೆಯಾದ ‘ಸೇವಾ’ (SEWA) ಯುನಿಸೆಫ್ ನೆರವಿನೊಂದಿಗೆ 2011-12ರಲ್ಲಿ ಮಧ್ಯಪ್ರದೇಶದ ಕೆಲವು ಹಳ್ಳಿಗಳಲ್ಲಿ ಪ್ರತಿ ವಯಸ್ಕರಿಗೆ ತಿಂಗಳಿಗೆ 200, ಮಕ್ಕಳಿಗೆ 100 ರೂಪಾಯಿಯಿಂದ ಶುರುಮಾಡಿ ನಗದು ಕೊಟ್ಟು ನೋಡಿದಾಗ ಕೂಡ, ಕೂಲಿಯಿಂದ ಸ್ವಂತ ಹೊಲದ ಕೆಲಸದತ್ತ ಜನ ಸರಿದದ್ದು ಕಂಡುಬಂದಿತ್ತು. ಕೂಲಿಗೆ ಕರೆಯುವವರಿಗೆ ಇದು ತೊಂದರೆ, ನಿಜ. ಆ ಮನೆಗಳಿಗೆ ಮಾತ್ರ ಇದು ದೊಡ್ಡ ಬಿಡುಗಡೆ, ಅದನ್ನು ಹಿಂದಕ್ಕೆ ಕಸಿದುಕೊಳ್ಳಬೇಕೆಂದು ನಾನು ಒಪ್ಪಲಾರೆ.

ಕುಡಿತದ ಮಾತಿಗೆ ಹೆಚ್ಚು ಬರೆಯಬೇಕಾಗಿಲ್ಲ. ವಿಶ್ವಬ್ಯಾಂಕಿನ ಡೇವಿಡ್ ಇವಾನ್ಸ್ ಮತ್ತು ಅನ್ನಾ ಪೊಪೊವಾ ಬೇರೆ ಬೇರೆ ಖಂಡಗಳ 19 ಅಧ್ಯಯನಗಳನ್ನು 2014ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ನಗದು ನೆರವಿನಿಂದ ಮದ್ಯ, ತಂಬಾಕಿನ ಖರ್ಚು ಗಣನೀಯವಾಗಿ ಏರಿದ ಉದಾಹರಣೆ ಇಲ್ಲವೆಂಬಷ್ಟು ವಿರಳವಾಗಿತ್ತು. ನಮ್ಮೂರುಗಳಲ್ಲಿ ಕುಡಿತವಿದೆ, ಅದು ಗಂಡಸರ ದಿನಗೂಲಿಯಿಂದ ಮೊದಲೂ ನಡೆಯುತ್ತಿತ್ತು, ಈಗಲೂ ನಡೆಯುತ್ತಿದೆ. ಹೆಂಡತಿಯ ಎಟಿಎಂ ಕಾರ್ಡು ಗಂಡನ ಕಿಸೆಯಲ್ಲಿರುವ ಮನೆಗಳೂ ಇವೆ. ಅಲ್ಲಿ ಸರಿಪಡಿಸಬೇಕಾದ್ದು ಆ ಕಾರ್ಡು ಯಾರ ಕೈಯಲ್ಲಿದೆ ಎಂಬುದನ್ನು.

ಈ ಹಣ ನಿಜವಾಗಿ ಏನು ಮಾಡುತ್ತದೆ ಎಂದು ತಿಳಿಯಲು ನಮ್ಮ ಉತ್ತರ ಕನ್ನಡ ಜಿಲ್ಲೆಯ ಮಳೆಗಾಲವನ್ನು ನೋಡಬೇಕು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಕಾರವಾರದ, ಹೊನ್ನಾವರದ, ಭಟ್ಕಳದ ದಕ್ಕೆಗಳಲ್ಲಿ ಮೀನು ಆರಿಸುವ, ಬುಟ್ಟಿ ಹೊತ್ತು ಮಾರುವ ಹೆಂಗಸರ ದುಡಿಮೆ ದೋಣಿಯ ಜೊತೆಗೇ ನಿಲ್ಲುತ್ತದೆ. ಅಘನಾಶಿನಿಗೆ ಕೆಂಪು ನೀರು ಬಂದ ಮೇಲೆ ಇಳಿತದ ಹೊತ್ತಿಗೆ ಹೊಳೆಗಿಳಿದು ಬಳಚು (ಚಿಪ್ಪುಮೀನು) ಹೆಕ್ಕುವುದೂ ಕಷ್ಟ. ಘಟ್ಟದ ಮೇಲೆ ಮೆಟ್ಟುಗತ್ತಿಯ ಮುಂದೆ ಕುಳಿತು ಚೊಗರಿಗೆ ಬೆರಳು ಕಪ್ಪಾಗುವವರೆಗೆ ಅಡಿಕೆ ಸುಲಿದ ಕೈಗೆ ಬೇಸಿಗೆಯ ನಂತರ ನಾಟಿಯ ಕೆಲವು ದಿನ ಬಿಟ್ಟರೆ ಕೆಲಸವಿಲ್ಲ. ಇದೇ ಹೊತ್ತಿಗೆ ಶಾಲೆ ತೆರೆಯುತ್ತದೆ, ಮಾಡಿನ ಹಂಚು ಸರಿಮಾಡಿಸಬೇಕು, ಮನೆಯಲ್ಲಿ ಒಬ್ಬರಾದ ಮೇಲೊಬ್ಬರಿಗೆ ಜ್ವರ. ವರಮಾನ ನಿಲ್ಲುವುದೂ ಖರ್ಚು ಏರುವುದೂ ಒಂದೇ ತಿಂಗಳಲ್ಲಿ.

ಕುಮಟಾ ತಾಲ್ಲೂಕಿನ ಹೊಳೆದಂಡೆಯ ಊರೊಂದರಲ್ಲಿ ಕಿರಾಣಿ ಅಂಗಡಿಯವರು ತಮ್ಮ ಉದ್ರಿ ಪುಸ್ತಕವನ್ನು ನನಗೆ ತೋರಿಸಿದ್ದರು. ಮನೆಗೊಂದು ಪುಟ. ಹಳೆಯ ವರ್ಷಗಳ ಪುಟಗಳಲ್ಲಿ ಜೂನಿನಿಂದ ಸೆಪ್ಟೆಂಬರ್ ತನಕ ಕುಚ್ಚಲಕ್ಕಿ, ಚಾಪುಡಿ, ಸಕ್ಕರೆ, ತೆಂಗಿನೆಣ್ಣೆ ಎಂದು ಇಳಿಯುತ್ತ ಹೋದ ಸಾಲುಗಳೆದುರು ಜಮಾ ಜಾಗ ಖಾಲಿ. ದೀಪಾವಳಿಯ ಸುಮಾರಿಗೆ ಒಮ್ಮೆಲೇ ದೊಡ್ಡ ಮೊತ್ತ ಜಮಾ, ಅದೂ ಹಲವು ಸಲ ಬೇರೆಡೆ ಸಾಲ ಮಾಡಿ ತಂದದ್ದು. ಇತ್ತೀಚಿನ ಪುಟಗಳಲ್ಲಿ ನಡುನಡುವೆ ‘ಗೃ.ಲ.’ ಎಂದು ಬರೆದು ಐದುನೂರು, ಸಾವಿರ ಜಮಾ ಆಗಿದೆ, ಆ ತಿಂಗಳಿನ ಸಾಲುಗಳಲ್ಲಿ ಮೊಟ್ಟೆ, ಹೆಸರುಕಾಳು, ಎರಡು ನೋಟ್‌ಬುಕ್ ಕಾಣುತ್ತವೆ. ಕಂತು ಬಾರದ ತಿಂಗಳಲ್ಲಿ ಪುಟ ಮತ್ತೆ ಹಳೆಯ ದಾರಿ ಹಿಡಿದಿದೆ.

ನನ್ನ ಮುಖ್ಯ ಮಾತು ಇರುವುದು ಇಲ್ಲಿ. ಈ ನೆರವಿನ ಬಲ ಅದರ ಮೊತ್ತದಲ್ಲಿರುವಷ್ಟೇ ಅದು ಬರುವ ದಿನ ಗೊತ್ತಿರುವುದರಲ್ಲಿದೆ. ಕೀನ್ಯಾದ ಪಶ್ಚಿಮ ಭಾಗದ ರಾರಿಯೆಡಾ ಎಂಬಲ್ಲಿ ಗಿವ್‌ಡೈರೆಕ್ಟ್ಲಿ ಸಂಸ್ಥೆ ಬಡ ಕುಟುಂಬಗಳಿಗೆ ಕೊಟ್ಟ ನಗದಿನ ಬಗ್ಗೆ ಯೊಹಾನೆಸ್ ಹೌಶೋಫರ್ ಮತ್ತು ಜೆರೆಮಿ ಶಪಿರೊ 2016ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಸ್ಪಷ್ಟವಾಗಿ ತೋರಿಸುತ್ತದೆ: ತಿಂಗಳು ತಿಂಗಳು ಹಣ ಪಡೆದ ಮನೆಗಳಲ್ಲಿ ಊಟದ ಕೊರತೆ ನೀಗಿತು, ಒಂದೇ ಗಂಟಾಗಿ ಪಡೆದ ಮನೆಗಳು ಬಾಳಿಕೆಯ ವಸ್ತುಗಳಿಗೆ ಹೆಚ್ಚು ಖರ್ಚು ಮಾಡಿದವು. ಎರಡೂ ಒಳ್ಳೆಯದೇ, ಆದರೆ ಯಾವುದು ಬರುತ್ತದೆಂದು ಮನೆಯವರಿಗೆ ಮೊದಲೇ ಗೊತ್ತಿರಬೇಕು. ನಮ್ಮಲ್ಲಿ ಗೃಹಲಕ್ಷ್ಮಿಯ ಕಂತು ಕೆಲವೊಮ್ಮೆ ತಿಂಗಳುಗಟ್ಟಲೆ ತಡೆದು, ಆಮೇಲೆ ಯಾವಾಗಲೋ ಬಿಡುಗಡೆಯಾಗುತ್ತದೆ. ಅಷ್ಟರಲ್ಲಿ ಆ ಮನೆಯ ಹೆಂಗಸು ವಾರದ ಕಂತಿನ ಸಂಘದಿಂದ ಸಾಲ ಎತ್ತಿರುತ್ತಾಳೆ. ಬಂದ ಹಣ ಬಡ್ಡಿಗೆ ಹೋಗುತ್ತದೆ, ಊಟಕ್ಕೂ ಆಗಲಿಲ್ಲ, ಹೊಲಿಗೆ ಯಂತ್ರಕ್ಕೂ ಆಗಲಿಲ್ಲ. ಕಿರುಸಾಲ ವಸೂಲಿಯ ಕಿರುಕುಳ ತಡೆಯಲು 2025ರ ಫೆಬ್ರುವರಿಯಲ್ಲಿ ರಾಜ್ಯ ಸರಕಾರ ಸುಗ್ರೀವಾಜ್ಞೆ ತರಬೇಕಾದ ಸ್ಥಿತಿ ಬಂದಿತ್ತೆಂಬುದನ್ನು ನೆನೆದರೆ, ಒಂದು ತಿಂಗಳ ತಡ ಬಡ ಮನೆಗೆ ಎಷ್ಟು ದುಬಾರಿಯೆಂದು ತಿಳಿಯುತ್ತದೆ. ಇದಕ್ಕೆ ಹೋಲಿಸಿದರೆ ಮೀನುಗಾರರ ಉಳಿತಾಯ-ಪರಿಹಾರ ಯೋಜನೆಯ ಕಲ್ಪನೆ ಋತುವನ್ನು ಅರಿತದ್ದು: ಮೀನುಗಾರರು ದುಡಿಮೆಯ ಕಾಲದಲ್ಲಿ 1,500 ರೂಪಾಯಿ ಕಟ್ಟುತ್ತಾರೆ, ಸರಕಾರಗಳು 3,000 ಸೇರಿಸುತ್ತವೆ, ದುಡಿಮೆಯಿಲ್ಲದ ಮೂರು ತಿಂಗಳು ತಲಾ 1,500ರಂತೆ ಮರಳಿ ಬರಬೇಕು. ಮೊತ್ತ ಸಣ್ಣದು, ಲೆಕ್ಕಾಚಾರ ಸರಿಯಾದದ್ದು.

ಅಕ್ಕಿಯ ವಿಚಾರದಲ್ಲಿ ತಮ್ಮ ಮಾತನ್ನು ಬಹುಮಟ್ಟಿಗೆ ಒಪ್ಪುತ್ತೇನೆ. 2023ರ ಜುಲೈಯಲ್ಲಿ ಅನ್ನಭಾಗ್ಯದ ಹೆಚ್ಚುವರಿ ಐದು ಕಿಲೋ ಅಕ್ಕಿ ಸಿಗದೆ, ಕಿಲೋಗೆ 34 ರೂಪಾಯಿಯಂತೆ ತಲಾ 170 ರೂಪಾಯಿ ಖಾತೆಗೆ ಹಾಕಲು ಶುರುಮಾಡಿದಾಗ, ಆ ದರಕ್ಕೆ ಕರಾವಳಿಯ ಅಂಗಡಿಗಳಲ್ಲಿ ಕುಚ್ಚಲಕ್ಕಿ ಸಿಗುತ್ತಿರಲಿಲ್ಲ. 2025ರಲ್ಲಿ ಮತ್ತೆ ಅಕ್ಕಿಯೇ ಬಂದದ್ದು ಒಳ್ಳೆಯದಾಯಿತು. ಬೆಲೆಯ ಬಗ್ಗೆ ಎರಡು ಬಗೆಯ ಅನುಭವಗಳಿವೆ. ಕೀನ್ಯಾದ ಸಿಯಾಯಾ ಜಿಲ್ಲೆಯ 653 ಹಳ್ಳಿಗಳಲ್ಲಿ ನಡೆದ ದೊಡ್ಡ ಅಧ್ಯಯನದಲ್ಲಿ ಬೆಲೆ ಏರಿದ್ದು ನಗಣ್ಯ, ಹಣ ಪಡೆಯದ ನೆರೆಮನೆಗಳಿಗೂ ವ್ಯಾಪಾರದ ಮೂಲಕ ಲಾಭವಾಯಿತು. ಮೆಕ್ಸಿಕೋದ ಹಳ್ಳಿಗಳಲ್ಲಿ ಆಹಾರವನ್ನೇ ಕೊಟ್ಟಾಗ ಸ್ಥಳೀಯ ಬೆಲೆ ಇಳಿಯಿತು, ನಗದು ಕೊಟ್ಟಾಗ ಹಾಗಾಗಲಿಲ್ಲ, ಮತ್ತು ಈ ವ್ಯತ್ಯಾಸ ದೂರದ ಊರುಗಳಲ್ಲಿ ಹೆಚ್ಚಾಗಿತ್ತು. ಜೋಯಿಡಾದ ಒಳನಾಡಿನಲ್ಲಿ ಒಂದೇ ಅಂಗಡಿಯಿರುವ ಊರಿಗೆ ಅಕ್ಕಿಯನ್ನು ನಿಲ್ಲಿಸಿ ಬರೀ ಹಣ ಕೊಡುವುದು ಸರಿಯಲ್ಲವೆಂದು ಇದರಿಂದ ತಿಳಿಯಬೇಕು.

ತಮ್ಮ ಪತ್ರದಲ್ಲಿಲ್ಲದ ಒಂದು ಸಂಗತಿಯನ್ನೂ ಸೇರಿಸುತ್ತೇನೆ. ಪಿಎಂ ಕಿಸಾನ್‌ನ ವರ್ಷಕ್ಕೆ 6,000 ರೂಪಾಯಿ ಪಹಣಿಯಲ್ಲಿ ಹೆಸರಿದ್ದವರಿಗೆ ಬರುತ್ತದೆ. ಬಹುಭಾಗ ಅರಣ್ಯವೇ ಆಗಿರುವ ನಮ್ಮ ಜಿಲ್ಲೆಯಲ್ಲಿ ಅತಿಕ್ರಮಣದ ಜಾಗದಲ್ಲಿ ತಲೆಮಾರಿನಿಂದ ಗದ್ದೆ ಮಾಡುವವರಿಗೆ ಪಹಣಿ ಎಲ್ಲಿಂದ ಬರಬೇಕು? ಗೃಹಲಕ್ಷ್ಮಿಗೆ ಪಹಣಿ ಬೇಡ, ಆದರೆ ರೇಷನ್ ಕಾರ್ಡು, ಆಧಾರ್, ಬ್ಯಾಂಕ್ ಖಾತೆ ಮೂರರಲ್ಲೂ ಹೆಸರು ಕೂಡಿಬರಬೇಕು; ದುಡಿದು ಸವೆದ ಬೆರಳಿನ ಗುರುತು ಯಂತ್ರಕ್ಕೆ ಹಿಡಿಯದೆ ವಾಪಸು ಬರುವ ಮುದುಕಿಯರಿದ್ದಾರೆ. ಹಣ ಯಾರಿಗೆ ವ್ಯರ್ಥವಾಗಿ ಹೋಗುತ್ತಿದೆ ಎಂದು ಹುಡುಕುವ ಶ್ರಮದ ಅರ್ಧವನ್ನಾದರೂ ನಾವು ಇವರಿಗಾಗಿ ಮಾಡಬೇಕು.

ಕೆಲಸ ಕೊಡಲಿ ಎಂಬ ತಮ್ಮ ಬೇಡಿಕೆಗೆ ನನ್ನ ವಿರೋಧವಿಲ್ಲ. ಮಳೆಯಲ್ಲಿ ಮಣ್ಣಿನ ಕೆಲಸ ನಡೆಯದ ನಮ್ಮಂಥ ಜಿಲ್ಲೆಯಲ್ಲಿ ಅದು ನಗದಿನ ಜಾಗವನ್ನು ತುಂಬಲಾರದು ಅಷ್ಟೆ. ತಾಲ್ಲೂಕು ಮಟ್ಟದಲ್ಲಿ ಗ್ಯಾರಂಟಿ ಅನುಷ್ಠಾನ ಸಮಿತಿಗಳಿವೆ, ಗ್ರಾಮಸಭೆಗಳಿವೆ. ಜೂನ್, ಜುಲೈ, ಆಗಸ್ಟ್ ತಿಂಗಳ ಕಂತು ಯಾವ ತಾರೀಖಿಗೆ ಬರುತ್ತದೆಂದು ಮೇ ತಿಂಗಳಲ್ಲೇ ಪಂಚಾಯಿತಿ ಫಲಕದಲ್ಲಿ ಬರೆಯಬೇಕು, ಕಂತು ನಿಂತವರಿಗೆ ನಿಂತ ಕಾರಣವನ್ನು ತಿಳಿಸಬೇಕು ಎಂದು ಅಲ್ಲಿ ಕೇಳೋಣ. ತಮ್ಮ ಸೀಮೆಯ ಬೆಳೆಗಾರರೂ ಈ ಬೇಡಿಕೆಗೆ ಸಹಿ ಹಾಕುವುದಾದರೆ ಮುಂದಿನ ಸಂಚಿಕೆಯಲ್ಲಿ ಅದನ್ನು ಪೂರ್ತಿಯಾಗಿ ಪ್ರಕಟಿಸುತ್ತೇನೆ.

ಸಂಪಾದಕ